ಅಪ್ಪನ ಟಾಕೀಸು, ಗುಬ್ಬಿ ವೀರಣ್ಣನವರ ಶೆಡ್ಡು

ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಗ ಮಾದರಿ ಪ್ರಶ್ನೆಪತ್ರಿಕೆಯೊಂದರಲ್ಲಿ ‘ಕಲೆಯೇ ಕಾಯಕ’ ಯಾರ ಆತ್ಮಕಥೆ ಎಂದು ಕೇಳಿದ್ದರು. ನಾಲ್ಕು ಹೆಸರು ಕೊಟ್ಟಿದ್ದರು. ನಾನು ಧೈರ್ಯವಾಗಿ ತಪ್ಪು ಹೆಸರಿಗೆ ಗುರುತು ಹಾಕಿದೆ. ಉತ್ತರ ನೋಡಿದಾಗ ನಾಚಿಕೆಯಾಯಿತು. ಗುಬ್ಬಿ ವೀರಣ್ಣ! ನಮ್ಮದೇ ಜಿಲ್ಲೆಯವರು. ನಮ್ಮ ಮಿಡಿಗೇಶಿಯಲ್ಲಿ ಬಸ್ ಹತ್ತಿ ಮಧುಗಿರಿ, ಕೊರಟಗೆರೆ, ತುಮಕೂರು ದಾಟಿದರೆ ಅವರ ಊರು. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರದ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ. ಹೆಸರಿನ ಹಿಂದಿನ ಮನುಷ್ಯ ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಒಂದು ಅಂಕದ ಪ್ರಶ್ನೆ, ಉತ್ತರ ಬರೆದುಕೊಂಡು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕೆ ಕಾರಣ ಅಪ್ಪ.

ಅಪ್ಪ ಹತ್ತೊಂಬತ್ತು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ನಮ್ಮ ಭಾಗದ ಒಂದು ತಾಲ್ಲೂಕು ಕೇಂದ್ರದ ಟಾಕೀಸು ಅದು, ಹೆಸರು ಬೇಡ. ಚಿಕ್ಕವನಿದ್ದಾಗ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಪ್ರೊಜೆಕ್ಟರ್ ಕೋಣೆಯಲ್ಲಿ ಬೇಸಿಗೆಯಲ್ಲಂತೂ ಕುಲುಮೆಯ ಮುಂದೆ ಕುಳಿತ ಹಾಗೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಂಕಿಯಂಥ ಬೆಳಕು ಹೊತ್ತಿಕೊಳ್ಳುತ್ತಿತ್ತು. ಕಡ್ಡಿ ಉರಿದು ಸವೆದಂತೆ ಅಪ್ಪ ಅದನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಬೇಕು. ಮರೆತರೆ ಪರದೆ ಮಂಕಾಗುತ್ತದೆ, ಕೆಳಗಿನಿಂದ ಶಿಳ್ಳೆ ಶುರುವಾಗುತ್ತದೆ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಅದು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಆ ಚುಕ್ಕಿ ನೋಡಿ ಎರಡನೇ ಯಂತ್ರ ಚಾಲೂ ಮಾಡಬೇಕು, ಜನಕ್ಕೆ ಗೊತ್ತೇ ಆಗಬಾರದು. ನನಗೆ ಇವತ್ತಿಗೂ ಹಳೆಯ ಸಿನಿಮಾ ನೋಡುವಾಗ ಕಥೆಗಿಂತ ಮೊದಲು ಆ ಚುಕ್ಕಿ ಕಣ್ಣಿಗೆ ಬೀಳುತ್ತದೆ.

ಆಮೇಲೆ ಡಿಜಿಟಲ್ ಬಂತು. ಬಸ್ಸಿನ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಪ್ರಿಂಟ್ ನಿಂತಿತು. ಹೊಸ ಯಂತ್ರ ಹಾಕಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ, ಹಾಕಿಸಿದ್ದರೂ ಜನ ಬರುತ್ತಿದ್ದರೋ ಇಲ್ಲವೋ. ಟಾಕೀಸು ಮುಚ್ಚಿತು. ಅಪ್ಪನಿಗೆ ಕೊನೆಯ ಮೂರು ತಿಂಗಳ ಸಂಬಳ ಬರಲೇ ಇಲ್ಲ. ಈಗ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಸಿನಿಮಾದ ಮಾತು ಎತ್ತುವುದಿಲ್ಲ.

ಆವತ್ತು ನಾನು ಗುಬ್ಬಿ ವೀರಣ್ಣನವರ ಹೆಸರು ಹೇಳಿದಾಗ ಮಾತ್ರ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಿದರು. ‘ಬೇಡರ ಕಣ್ಣಪ್ಪ’ ತೆಗೆದವರು ಅವರೇ ಅಲ್ಲವೇ ಎಂದು ಕೇಳಿದರು. ನಮ್ಮ ತಾತ ಆ ಸಿನಿಮಾವನ್ನು ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡಿದ್ದರಂತೆ. ಟೆಂಟಿಗೆ ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಜನ ಕಡಲೆಕಾಯಿ ಸುಲಿಯುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಕೇಳಿತೆಂದರೆ ಟಿಕೆಟ್ ಕೊಡಲು ಶುರು ಎಂದು ಅರ್ಥ, ಹೊಲದಿಂದ ಹಾಗೇ ಓಡುತ್ತಿದ್ದರು. ತಾತನ ಈ ಕಥೆ ನಾನು ನೂರು ಸಲ ಕೇಳಿದ್ದೆ. ಆ ಸಿನಿಮಾದ ಹಿಂದೆ ನಮ್ಮ ಜಿಲ್ಲೆಯ ನಾಟಕದ ಕಂಪನಿಯೊಂದು ಇದೆ ಎಂಬುದನ್ನು ಗಮನಿಸಿರಲಿಲ್ಲ. ಅಲ್ಲಿಂದ ಹುಡುಕಿ ಹುಡುಕಿ ಓದತೊಡಗಿದೆ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಅವರು ಹುಟ್ಟುವ ಹೊತ್ತಿಗೇ ಗುಬ್ಬಿಯಲ್ಲಿ ನಾಟಕದ ಕಂಪನಿ ಇತ್ತು. 1884ರಲ್ಲಿ ಊರಿನ ಗೆಳೆಯರು ಸೇರಿ ಕಟ್ಟಿದ್ದು, ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಊರ ದೇವರ ಹೆಸರನ್ನೇ ಇಟ್ಟಿದ್ದರು. ವೀರಣ್ಣ ಐದಾರು ವರ್ಷದ ಹುಡುಗನಾಗಿದ್ದಾಗಲೇ ಈ ಕಂಪನಿಗೆ ಸೇರಿದರು. ಇವತ್ತಿನ ಲೆಕ್ಕದಲ್ಲಿ ಒಂದನೇ ತರಗತಿಗೆ ಸೇರುವ ವಯಸ್ಸು. ಬಾಲಪಾತ್ರ, ಆಮೇಲೆ ಸಣ್ಣಪುಟ್ಟ ಪಾತ್ರ, ಆಮೇಲೆ ಹಾಸ್ಯ. ಶಾಲೆಯ ಓದು ಹೆಚ್ಚೇನೂ ಆಗಲಿಲ್ಲ. ಕಂಪನಿಯೇ ಅವರ ಶಾಲೆ.

‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ನಾಯಕನ ಪಾತ್ರವಲ್ಲ, ರಾಜನ ಪಾತ್ರವಲ್ಲ, ಕಳ್ಳ! ಜನ ಆ ಕಳ್ಳನನ್ನು ನೋಡಲೆಂದೇ ಬರುತ್ತಿದ್ದರು. ಮುಂದೆ 1935ರಲ್ಲಿ ‘ಸದಾರಮೆ’ ಸಿನಿಮಾ ಆದಾಗಲೂ ಅದರಲ್ಲಿ ವೀರಣ್ಣ ಇದ್ದರು.

1917ರಲ್ಲಿ ಕಂಪನಿಯ ಮಾಲೀಕತ್ವ ಅವರ ಕೈಗೆ ಬಂತು. ಇಪ್ಪತ್ತಾರು ವರ್ಷ. ನನಗೆ ಈಗ ಇಪ್ಪತ್ತೈದು, ಹಾಗಾಗಿ ಈ ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾಟಕದ ಕಂಪನಿಯ ಮಾಲೀಕನೆಂದರೆ ನಟರು, ಹಾರ್ಮೋನಿಯಂನವರು, ಪರದೆ ಬರೆಯುವವರು, ಅಡುಗೆಯವರು, ಅವರವರ ಹೆಂಡತಿ ಮಕ್ಕಳು, ಎಲ್ಲರ ಹೊಟ್ಟೆಗೂ ಜವಾಬ್ದಾರ. ಒಂದು ಊರಿನಲ್ಲಿ ಕಲೆಕ್ಷನ್ ಆಗಲಿಲ್ಲ ಎಂದರೆ ಅಷ್ಟೂ ಜನರ ಊಟಕ್ಕೆ ಕುತ್ತು.

ಇಲ್ಲಿ ಶೆಡ್ಡಿನ ವಿಷಯ ಹೇಳಬೇಕು. ಹಳೇ ಟಾಕೀಸುಗಳ ಕಥೆ ಶುರುವಾಗುವುದೇ ಇಂಥ ಶೆಡ್ಡುಗಳಿಂದ ಎಂದು ನನಗೆ ಅನ್ನಿಸಿದೆ. ಕಂಪನಿ ಒಂದು ಊರಿಗೆ ಬಂದರೆ ಬಯಲಿನಲ್ಲಿ ಗಳ ನೆಟ್ಟು, ತಗಡೋ ಚಾಪೆಯೋ ಹೊದಿಸಿ ರಂಗಮಂದಿರ ಎಬ್ಬಿಸುತ್ತಿತ್ತು. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಆಮೇಲೆ ನೆಲ. ವಾರಗಟ್ಟಲೆ, ಜನ ಬಂದರೆ ತಿಂಗಳುಗಟ್ಟಲೆ ಮೊಕ್ಕಾಂ. ಆಮೇಲೆ ಬಿಚ್ಚಿ ಮುಂದಿನ ಊರಿಗೆ. ಸಿನಿಮಾ ಟೆಂಟಿನವರು ಮುಂದೆ ಮಾಡಿದ್ದೂ ಇದನ್ನೇ: ಅದೇ ಬಯಲು, ಅದೇ ಗಳ, ಅದೇ ನೆಲದ ಟಿಕೆಟ್ಟು. ಕುರ್ಚಿಯ ಸಾಲು ಮಾತ್ರ ಉಲ್ಟಾ ಆಯಿತು. ನಾಟಕದಲ್ಲಿ ದುಡ್ಡಿದ್ದವರು ಮುಂದೆ ಕುಳಿತರೆ, ಸಿನಿಮಾದಲ್ಲಿ ಹಿಂದೆ ಕುಳಿತರು. ಇದನ್ನು ಅಪ್ಪನಿಗೆ ಹೇಳಿದಾಗ ನಕ್ಕರು. ಗಾಂಧಿ ಕ್ಲಾಸು ಅಂದರೆ ಪರದೆಗೆ ಮೂಗು ತಾಗಿಸಿ ಕೂರುವವರದು, ಬಾಲ್ಕನಿಯವರಿಗಿಂತ ಅವರಿಗೇ ಸಿನಿಮಾ ಚೆನ್ನಾಗಿ ಕಾಣುತ್ತಿತ್ತು ಎಂದರು. ನಾನು ಒಪ್ಪಲಿಲ್ಲ, ಇರಲಿ.

ವೀರಣ್ಣನವರ ಕೈಯಲ್ಲಿ ಕಂಪನಿ ಬೆಳೆಯಿತು. ಹೆಂಗಸರ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಅವರು ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಅವರ ಪತ್ನಿಯರಾದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಎಲ್ಲರೂ ನಟಿಯರೇ. ಮಕ್ಕಳದ್ದೇ ಒಂದು ತಂಡ ಕಟ್ಟಿದರು. ಕನ್ನಡದ ಜೊತೆ ತೆಲುಗಿನಲ್ಲೂ ನಾಟಕ ಆಡಿಸಿದರು, ಆಂಧ್ರ, ತಮಿಳುನಾಡಿನ ಊರುಗಳಿಗೂ ಹೋದರು. ಪಾವಗಡ, ಮಡಕಶಿರಾ ಕಡೆ ಕನ್ನಡ ತೆಲುಗು ಎರಡೂ ಮಾತಾಡುವ ನಮ್ಮ ಜನಕ್ಕೆ ಇದೇನು ವಿಶೇಷ ಅನ್ನಿಸಲಿಕ್ಕಿಲ್ಲ. ಆದರೆ ಒಂದು ಕಂಪನಿ ಎರಡು ಭಾಷೆಯ ಪಾಠ ಕಲಿತು ಆಡುವುದು ಎಷ್ಟು ಕೆಲಸ ಎಂದು ಯೋಚಿಸಿ.

ಇನ್ನು ‘ಕುರುಕ್ಷೇತ್ರ’. ಇದರ ಸುದ್ದಿ ಹಳಬರಿಗೆಲ್ಲ ಗೊತ್ತು. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ! ಮಹಾಭಾರತದ ಯುದ್ಧವನ್ನು ಚಿತ್ರ ಬರೆದ ಪರದೆಯ ಮುಂದೆ ತೋರಿಸಿದರೆ ಸಾಲದು ಎಂದು ಅವರಿಗೆ ಅನ್ನಿಸಿರಬೇಕು. ಕಾಲ ಗಮನಿಸಿ, 1930ರ ದಶಕ. ಬೆಂಗಳೂರಿನಲ್ಲಿ ಸಿನಿಮಾ ಮಂದಿರಗಳು ಒಂದೊಂದಾಗಿ ಏಳುತ್ತಿದ್ದವು. ಪರದೆಯ ಮೇಲೆ ಕುದುರೆ ಓಡುವುದನ್ನು ನೋಡಿದ ಜನ ನಾಟಕಕ್ಕೆ ಬರಬೇಕೆಂದರೆ ಅಲ್ಲೂ ಕುದುರೆ ಬೇಕು. ಇದು ನನ್ನ ಊಹೆ, ಅವರು ಹೀಗೆಂದು ಬರೆದಿದ್ದಾರೆ ಎಂದು ಹೇಳುತ್ತಿಲ್ಲ. ಖರ್ಚು ಮಾತ್ರ ಊಹೆಯಲ್ಲ. ಆನೆಗೆ ನಾಟಕ ಇರಲಿ ಇಲ್ಲದಿರಲಿ ಮೇವು ಹಾಕಲೇಬೇಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರು ಸಿನಿಮಾಕ್ಕೆ ಕೈ ಹಾಕಿದ ರೀತಿ. ಸಿನಿಮಾ ಬಂದು ನಾಟಕವನ್ನು ಕೊಂದಿತು ಎಂದು ನಾವು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇವೆ. ನಾಟಕ ನಡೆಯುತ್ತಿದ್ದ ಎಷ್ಟೋ ಮಂದಿರಗಳು ಸಿನಿಮಾ ಮಂದಿರಗಳಾದದ್ದು ನಿಜ. ನಾಟಕದವರು ಮೂರು ತಿಂಗಳು ಬಾಡಿಗೆ ಕೊಟ್ಟು ಹೋಗುತ್ತಾರೆ, ಸಿನಿಮಾದವರು ವರ್ಷಪೂರ್ತಿ ಕೊಡುತ್ತಾರೆ. ಕಟ್ಟಡದ ಮಾಲೀಕ ಏನು ಮಾಡುತ್ತಾನೆ? ಕಂಪನಿಯ ಮಾಲೀಕ ಸಿನಿಮಾವನ್ನು ಬೈದುಕೊಂಡು ಕೂರಬಹುದಿತ್ತು. ವೀರಣ್ಣ ಕ್ಯಾಮೆರಾ ಹಿಡಿಸಿದರು.

1930ರ ಸುಮಾರಿಗೆ ಬೆಂಗಳೂರಿನಲ್ಲಿ ಅವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಮೂಕಿ ಚಿತ್ರ ತೆಗೆದರು. ‘ಹಿಸ್ ಲವ್ ಅಫೇರ್’ ಎಂಬುದು ಒಂದು, ‘ಹರಿಮಾಯ’ ಎಂಬುದು ಇನ್ನೊಂದು. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇಲ್ಲ, ಬರಹದ ಪಟ್ಟಿ ಬದಲಾಯಿಸಿದರೆ ಎಲ್ಲಿ ಬೇಕಾದರೂ ಓಡಿಸಬಹುದು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ 1931ರ ಮಾರ್ಚಿನಲ್ಲಿ ಮುಂಬೈನಲ್ಲಿ ‘ಆಲಂ ಆರಾ’ ಬಿಡುಗಡೆಯಾಯಿತು. ಸಿನಿಮಾ ಮಾತಾಡತೊಡಗಿತು. ಮಾತಾಡುವ ಸಿನಿಮಾ ಬಂದ ಮೇಲೆ ಮೂಕಿ ಯಾರಿಗೆ ಬೇಕು? ವೀರಣ್ಣನವರ ಮೂಕಿ ಸಾಹಸ ಅಲ್ಲಿಗೆ ನಿಂತಿತು, ಹಾಕಿದ ದುಡ್ಡು ಹುಟ್ಟಲಿಲ್ಲ. ಈ ಭಾಗ ಓದುವಾಗ ನನಗೆ ಅಪ್ಪನ ಕಾರ್ಬನ್ ಕಡ್ಡಿಗಳು ನೆನಪಾದವು. ಕಷ್ಟಪಟ್ಟು ಕಲಿತ ವಿದ್ಯೆ, ಕೊಂಡ ಯಂತ್ರ, ನೋಡ ನೋಡುತ್ತಲೇ ಗುಜರಿಯಾಗುವುದು ನಮ್ಮ ಕಾಲದಲ್ಲಿ ಮಾತ್ರ ಎಂದುಕೊಂಡಿದ್ದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದು ವೀರಣ್ಣನವರದಲ್ಲ. ಆದರೆ ಅದಕ್ಕೆ ಸಂಭಾಷಣೆ, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು. ಬೆಳ್ಳಾವೆ ಎಂದರೆ ಬೆಳ್ಳಾವಿ, ಅದೂ ತುಮಕೂರು ತಾಲ್ಲೂಕು. ಕನ್ನಡ ಸಿನಿಮಾ ಮೊದಲ ಸಲ ಬಾಯಿ ತೆರೆದಾಗ ಆಡಿದ್ದು ನಮ್ಮ ಜಿಲ್ಲೆಯವರು ಬರೆದ ಮಾತು. ಇದನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳುವುದಿಲ್ಲವಲ್ಲ!

ಮೂಕಿಯಲ್ಲಿ ಕೈ ಸುಟ್ಟುಕೊಂಡರೂ ವೀರಣ್ಣ ಸಿನಿಮಾ ಬಿಡಲಿಲ್ಲ. 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, ಆಮೇಲೆ ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’. ಆಗ ಕನ್ನಡ ಚಿತ್ರಗಳೇ ಕಡಿಮೆ, ವರ್ಷಕ್ಕೆ ಬೆರಳೆಣಿಕೆ. ಸ್ಟುಡಿಯೋಗೆ ಮದರಾಸಿನ ಕಡೆ ನೋಡಬೇಕು. ತೆಗೆದ ಸಿನಿಮಾ ತೋರಿಸಲು ಮಂದಿರ ಬೇಕಲ್ಲ, ಅದನ್ನೂ ಕಟ್ಟಿಸಿದರು. ಬೆಂಗಳೂರಿನ ಗಾಂಧಿನಗರದಲ್ಲಿ ಮೂವಿಲ್ಯಾಂಡ್ ಎಂದು ಜನ ಗುರುತಿಸುವ ಚಿತ್ರಮಂದಿರ ವೀರಣ್ಣ ಕಟ್ಟಿಸಿದ್ದು, ಮೊದಲಿನ ಹೆಸರು ಶಿವಾನಂದ. ಶೆಡ್ಡು ಹಾಕಿ ಬಿಚ್ಚಿಕೊಂಡು ಹೋಗುತ್ತಿದ್ದ ಕಂಪನಿಯ ಯಜಮಾನ ರಾಜಧಾನಿಯಲ್ಲಿ ಬಿಚ್ಚಲಾಗದ ಗೋಡೆ ಎಬ್ಬಿಸಿದ್ದರು.

ಕೋಚಿಂಗ್‌ಗೆಂದು ಬೆಂಗಳೂರಿಗೆ ಹೋಗುವವರು ನಾವೆಲ್ಲ ಮೊದಲು ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಮೆಜೆಸ್ಟಿಕ್ ಎಂಬುದು ಒಂದು ಟಾಕೀಸಿನ ಹೆಸರು ಎಂದು ಎಷ್ಟು ಜನರಿಗೆ ಗೊತ್ತು? ಆ ಟಾಕೀಸು ಈಗಿಲ್ಲ. ಕೆಂಪೇಗೌಡ ರಸ್ತೆಯ ಉದ್ದಕ್ಕೂ ಇದ್ದ ಸಾಲು ಸಾಲು ಮಂದಿರಗಳಲ್ಲಿ ಬಹಳಷ್ಟು ಈಗಿಲ್ಲ. ದೊಡ್ಡ ಪರದೆಗೆ ಹೆಸರಾಗಿದ್ದ ಕಪಾಲಿಯನ್ನೂ ಕೆಡವಿದರು, ಎಂ.ಜಿ. ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾದ ಜಾಗದಲ್ಲಿ ಮೆಟ್ರೊ ಬಂತು. ಆದರೂ ಕಂಡಕ್ಟರ್ ಇವತ್ತಿಗೂ ಕೂಗುವುದು ಮೆಜೆಸ್ಟಿಕ್ ಮೆಜೆಸ್ಟಿಕ್ ಎಂದೇ.

‘ಬೇಡರ ಕಣ್ಣಪ್ಪ’ 1954ರದು. ಗುಬ್ಬಿ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂಬ ನಟರಿದ್ದರು. ಅವರ ಮಗ ಮುತ್ತುರಾಜ ಹುಡುಗನಾಗಿದ್ದಾಗಿನಿಂದ ಕಂಪನಿಯ ಅನ್ನ ಉಂಡು, ಸಣ್ಣ ಪಾತ್ರ ಮಾಡುತ್ತ ಬೆಳೆದವರು. ಸಿನಿಮಾದ ನಿರ್ದೇಶಕ ಎಚ್.ಎಲ್.ಎನ್. ಸಿಂಹ, ಅವರೂ ಗುಬ್ಬಿ ಕಂಪನಿಯಲ್ಲಿದ್ದವರೇ. ಮುತ್ತುರಾಜನನ್ನು ನಾಯಕನನ್ನಾಗಿ ಮಾಡಿ ರಾಜ್‌ಕುಮಾರ್ ಎಂಬ ಹೆಸರಿಟ್ಟರು. ತಿಪಟೂರಿನ ನರಸಿಂಹರಾಜು ಅವರಿಗೂ ಅದೇ ಮೊದಲ ಸಿನಿಮಾ. ಜಿ.ವಿ. ಅಯ್ಯರ್ ಕೂಡ ಅದರಲ್ಲಿದ್ದರು. ಮುಂದಿನ ಇಪ್ಪತ್ತು ಮೂವತ್ತು ವರ್ಷ ನಮ್ಮ ಟೆಂಟುಗಳನ್ನು, ತಾಲ್ಲೂಕು ಟಾಕೀಸುಗಳನ್ನು ತುಂಬಿಸಿದವರು ಇವರೇ ಅಲ್ಲವೇ? ಬಾಲಕೃಷ್ಣ ಕೂಡ ಗುಬ್ಬಿ ಕಂಪನಿಯಿಂದ ಬಂದವರು. ನಾಟಕದ ಶೆಡ್ಡಿನಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಲು ಕಲಿತವರು ಸಿನಿಮಾಕ್ಕೆ ಹೋದರು. ಅಪ್ಪನಂಥ ಸಾವಿರಾರು ಆಪರೇಟರುಗಳಿಗೆ, ಗೇಟ್‌ಕೀಪರುಗಳಿಗೆ, ಪೋಸ್ಟರ್ ಅಂಟಿಸುವವರಿಗೆ, ಟಾಕೀಸಿನ ಮುಂದಿನ ಸೋಡಾ ಅಂಗಡಿಗೆ ಅನ್ನ ಹುಟ್ಟಿದ್ದು ಅಲ್ಲಿಂದ.

ಆದರೆ ಕಂಪನಿಯ ಗತಿ? ಒಳ್ಳೊಳ್ಳೆಯ ನಟರು ಒಬ್ಬೊಬ್ಬರಾಗಿ ಸಿನಿಮಾಕ್ಕೆ ಹೋದರೆ ನಾಟಕಕ್ಕೆ ಯಾರಿರುತ್ತಾರೆ? ತಾನು ಬೆಳೆಸಿದವರನ್ನು ತಾನೇ ಸಿನಿಮಾಕ್ಕೆ ದಾಟಿಸಿದ ಮನುಷ್ಯನ ಶೆಡ್ಡು ನಿಧಾನವಾಗಿ ಖಾಲಿಯಾಯಿತು. ಇದನ್ನು ದೂರದೃಷ್ಟಿ ಎನ್ನುವವರಿದ್ದಾರೆ. ಬೇರೆ ದಾರಿ ಇರಲಿಲ್ಲ ಎನ್ನುವವರೂ ಇರಬಹುದು. ನನಗೆ ಎರಡೂ ಸ್ವಲ್ಪ ಸ್ವಲ್ಪ ಸರಿ ಅನ್ನಿಸುತ್ತದೆ. ಬಂದದ್ದನ್ನು ತಡೆಯಲು ಅವರಿಂದಾಗುತ್ತಿರಲಿಲ್ಲ. ತನ್ನ ಜನ ಆಚೆ ದಡದಲ್ಲಿ ಬರಿಗೈಯಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳುವುದು ಆಗುತ್ತಿತ್ತು, ಅದನ್ನು ಮಾಡಿದರು.

ಇದಕ್ಕೆ ಇನ್ನೊಂದು ಸಾಕ್ಷಿ ಬಿ.ವಿ. ಕಾರಂತರು. ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ ದಕ್ಷಿಣ ಕನ್ನಡದ ಹುಡುಗ. ವೀರಣ್ಣ ಅವರನ್ನು ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ತಾನು ಶಾಲೆ ಕಾಣದ ಮನುಷ್ಯ ಕಂಪನಿಯ ಹುಡುಗನೊಬ್ಬನನ್ನು ಕಾಶಿಯ ವಿಶ್ವವಿದ್ಯಾಲಯಕ್ಕೆ ಕಳಿಸುವುದೆಂದರೆ! ಆ ಹುಡುಗ ಮುಂದೆ ‘ಚೋಮನ ದುಡಿ’ ಸಿನಿಮಾ ಮಾಡಿದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು.

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಎಂಬತ್ತೊಂದು ವರ್ಷ. ಅವರ ಮೊಮ್ಮಗಳು ಬಿ. ಜಯಶ್ರೀ ನಾಟಕವನ್ನು ಬಿಡಲಿಲ್ಲ, ರಾಜ್ಯಸಭೆಗೂ ನಾಮಕರಣಗೊಂಡರು. ಪರೀಕ್ಷೆಗೆ ಓದುವವರು ಇದನ್ನೂ ಬರೆದುಕೊಳ್ಳಿ.

ಇಷ್ಟೆಲ್ಲ ಓದಿದ ಮೇಲೆ ಹೋದ ತಿಂಗಳು ಅಪ್ಪನನ್ನು ಒತ್ತಾಯ ಮಾಡಿ ಗುಬ್ಬಿಗೆ ಕರೆದುಕೊಂಡು ಹೋದೆ. ಚನ್ನಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಬಂದೆವು. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ನಾನು ಮೂಕಿ ಸಿನಿಮಾದ ಕಥೆ, ದುಡ್ಡು ಮುಳುಗಿದ್ದು, ಮತ್ತೆ ಸಿನಿಮಾ ತೆಗೆದದ್ದು ಎಲ್ಲ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಮೂಕಿ ತೆಗೆಯುವಾಗ ಅವರಿಗೆ ವಯಸ್ಸೆಷ್ಟು ಎಂದು ಕೇಳಿದರು. ನಲವತ್ತರ ಹತ್ತಿರ ಎಂದೆ. ‘ಬೇಡರ ಕಣ್ಣಪ್ಪ’ ತೆಗೆಯುವಾಗ? ಅರವತ್ತು ದಾಟಿತ್ತು ಎಂದೆ. ಅಪ್ಪನಿಗೆ ಈಗ ಐವತ್ತಾರು.

ವಾಪಸ್ ಬರುವಾಗ ಕೊರಟಗೆರೆ ದಾಟಿದ ಮೇಲೆ ಅಪ್ಪ ತಾವಾಗಿಯೇ ಮಾತು ತೆಗೆದರು. ತುಮಕೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಕೆಲಸ ಮಾಡುವ ಹಳೆಯ ಗೆಳೆಯರೊಬ್ಬರು ಇದ್ದಾರಂತೆ. ಅಲ್ಲಿ ಸಿನಿಮಾ ಒಂದು ಡಬ್ಬಿಯೊಳಗೆ ಬರುತ್ತದಂತೆ, ಗುಂಡಿ ಒತ್ತಿದರೆ ಓಡುತ್ತದಂತೆ. ಹೇಗೆಂದು ಒಮ್ಮೆ ನೋಡಿಕೊಂಡು ಬರಬೇಕು ಎಂದರು. ಕೆಲಸ ಕೇಳಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ ಎಂದು ಎರಡು ಸಲ ಹೇಳಿದರು. ಭಾನುವಾರ ರಜೆ ಹಾಕುತ್ತಾರಂತೆ. ನನಗೆ ಆವತ್ತು ಅಣಕು ಪರೀಕ್ಷೆ ಇದೆ, ತುಮಕೂರಿನಲ್ಲೇ. ಬೆಳಗ್ಗೆ ಏಳರ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ.